ಒಡಪಿಲ್ಲದ ಹೆಸರು

"ಈ ಸಲ ಕಥೆ ಕೊಡಲು ಆಗುವುದಿಲ್ಲ, ಕ್ಷಮಿಸಿ" ಎಂದು ಮೊಬೈಲಿನಲ್ಲಿ ಬರೆದು ಲಲಿತಾ ಇನ್ನೇನು ಕಳಿಸಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ವಿರೂಪಾಕ್ಷಮ್ಮ ಕೂಗಿದಳು.

"ಲಲಿತಾ, ಆ ಫೋನ ಇಡು ಅತ್ತಾಗ. ಹೋಳಿಗಿ ಬೇಯ್ಸೋರಿಲ್ಲ ಇಲ್ಲೆ."

ವಿರೂಪಾಕ್ಷಮ್ಮ ಲಲಿತಾಳ ಗಂಡನ ಅಕ್ಕ. ಮರಳಿ ಎಂಬ ಹಳ್ಳಿಯ ಆ ಮನೆಯಲ್ಲಿ ಅವತ್ತು ಆಕೆಯ ಕಿರಿಸೊಸೆ ಮಹೇಶ್ವರಿಗೆ ಕುಬಸ. ತುಂಬಿದ ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಗಂಗಾವತಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದ ಲಲಿತಾ ಮೊಬೈಲನ್ನು ಹಾಗೇ ಚೀಲಕ್ಕೆ ತುರುಕಿ, ಸೆರಗು ಸಿಕ್ಕಿಸಿ ಹಂಚಿನ ಮುಂದೆ ಕೂತಳು. ಕಳಿಸಿದ್ದರೆ ಒಂದು ಕೆಲಸ ಮುಗಿಯುತ್ತಿತ್ತು.

ಕಥೆ ಕೇಳಿದವಳು ಕೊಪ್ಪಳದ ಶೈಲಜಾ. ಕಾಲೇಜಿನಲ್ಲಿ ಪಾಠ ಹೇಳುವವಳು. ಜಿಲ್ಲೆಯ ಹೆಣ್ಣುಮಕ್ಕಳ ಕಥೆಗಳನ್ನೆಲ್ಲ ಕೂಡಿಸಿ ಪುಸ್ತಕ ತರುವ ಹುಮ್ಮಸ್ಸಿನಲ್ಲಿದ್ದಳು. "ಲಲಿತಕ್ಕಾ, ನಿಮ್ಮ ಕಥಿ ಇಲ್ಲದ ಪುಸ್ತಕ ಉಪ್ಪಿಲ್ಲದ ಸಾರು" ಎಂದು ವಾರಕ್ಕೊಮ್ಮೆ ಫೋನು. ಹೊಗಳಿಕೆಯೂ ಕೆಲವೊಮ್ಮೆ ತಗಾದೆಯಂತೆಯೇ ಜೀವ ತಿನ್ನುತ್ತದೆ. ಗಂಡ ತೀರಿಕೊಂಡ ಮೇಲೆ, ಅಂದರೆ ಒಂದೂವರೆ ವರ್ಷದಿಂದ, ಲಲಿತಾ ಉಳಿಸಿಕೊಳ್ಳುವಂಥ ಒಂದು ಸಾಲನ್ನೂ ಬರೆದಿರಲಿಲ್ಲ. ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದಳು, ಅಷ್ಟೇ.

ಆಕೆಯ ಗಂಡ ಕಾಲುವೆಗೆ ನೀರು ಬಿಡುವ ನೌಕರಿಯಲ್ಲಿದ್ದವರು. ಮೇಲಿನ ಹೊಲದವರು, ಕೆಳಗಿನ ಹೊಲದವರು ಎಲ್ಲರ ಜಗಳವನ್ನೂ ಕೇಳಿ ಕೇಳಿ ಅವರಿಗೆ ಕೇಳುವುದೇ ಅಭ್ಯಾಸವಾಗಿಬಿಟ್ಟಿತ್ತು. ಭಾನುವಾರ ಮಧ್ಯಾಹ್ನ ಉಂಡು ಜಮಖಾನೆಯ ಮೇಲೆ ಅಡ್ಡಾದರೆ ಲಲಿತಾ ತಾನು ಬರೆದದ್ದನ್ನು ಓದುವಳು. ಗೊರಕೆ ಬಂತೆಂದರೆ ಆ ಭಾಗಕ್ಕೆ ಗೀಟು. ಮುನಿಸಿಕೊಂಡು ಓದು ನಿಲ್ಲಿಸಿದರೆ, "ಕೇಳಾಕತ್ತೀನಿ, ಮುಂದ ಓದು" ಎಂದು ಕಣ್ಣು ಮುಚ್ಚಿಕೊಂಡೇ ಸುಳ್ಳು ಹೇಳುವರು. ಎಷ್ಟೋ ವಿಮರ್ಶಕರಿಗಿಂತ ಆ ಗೊರಕೆ ಪ್ರಾಮಾಣಿಕವಾಗಿತ್ತು.

ಈಗ ಅವರ ಬಗ್ಗೆಯೇ ಬರೆಯಬೇಕೆಂದು ಆಸೆ. ಅವರನ್ನು ಬಿಟ್ಟು ಬೇರೆ ಏನೂ ಮನಸ್ಸಿಗೆ ಬರುತ್ತಲೂ ಇರಲಿಲ್ಲ. ಆದರೆ 'ಅವರು' ಎಂದು ಬರೆದರೆ ಹಾಳೆಯ ಮೇಲೆ ಬರೀ ಒಂದು ನೆರಳು ಕೂತಂತಾಗುತ್ತಿತ್ತು. ಹೋಗಲಿ ಎಂದು 'ಶ್ರೀಧರ' ಎಂದು ಹೆಸರಿಟ್ಟು ನೋಡಿದಳು. ಬಂದವನು ಕನ್ನಡಕ ಹಾಕಿಕೊಂಡು, ಕಾಫಿ ಕುಡಿಯುತ್ತ ಕಿಟಕಿಯಾಚೆ ನೋಡುವ ಯಾರೋ ಪರವೂರಿನ ಗೃಹಸ್ಥ. ಆಕೆಯ ಗಂಡ ಚಹವನ್ನು ಬಸಿಗೆ ಸುರಿದುಕೊಂಡು, ಓಣಿಗೆಲ್ಲ ಕೇಳುವಂತೆ ಸೊರ್‍ರೆಂದು ಕುಡಿಯುತ್ತಿದ್ದ ಮನುಷ್ಯ. ಶ್ರೀಧರನನ್ನು ಹರಿದು ಒಲೆಗೆ ಹಾಕಿದಳು.

ಇದ್ದ ಹೆಸರನ್ನೇ ಬರೆಯಬಹುದಿತ್ತಲ್ಲ ಎಂದರೆ, ಅಲ್ಲೇ ಇತ್ತು ಫಜೀತಿ. ಮಹಿಳಾ ದಿನಾಚರಣೆಯ ದಿನ, ಗಂಡನ ಹೆಸರು ಹೇಳಿದರೆ ಅವನ ಆಯಸ್ಸೇನೂ ಕಡಿಮೆಯಾಗುವುದಿಲ್ಲವೆಂದು ಮೈಕಿನ ಮುಂದೆ ಗಟ್ಟಿಯಾಗಿ ಸಾರಿದವಳು ಲಲಿತಾ. ಆದರೆ ಅವ್ವ ಕಲಿಸಿದ ಪಾಠ ಮೈಕಿಗೆ ಹೆದರುವಂಥದಲ್ಲ. ಅರ್ಜಿ, ಆಧಾರ ಕಾರ್ಡಿನ ಮಾತು ಬೇರೆ; ಅಲ್ಲಿ ಕೈ ಬರೆಯುತ್ತದೆ, ಮನಸ್ಸು ಹೊರಗೆ ನಿಂತಿರುತ್ತದೆ. ಪ್ರೀತಿಯಿಂದ ಗಂಡನ ಹೆಸರು ಹೇಳಲು ಈ ಕಡೆಯ ಹೆಂಗಸಿಗೆ ಇರುವುದು ಒಂದೇ ದಾರಿ, ಒಡಪು. ಮದುವೆಯಲ್ಲಿ, ಕುಬಸದಲ್ಲಿ, ತೊಟ್ಟಿಲ ಶಾಸ್ತ್ರದಲ್ಲಿ ಎರಡು ಸಾಲಿನ ಪ್ರಾಸ ಕಟ್ಟಿ, ಅದರ ನಡುವೆ ಹೆಸರನ್ನು ಅಡಗಿಸಿ ಹೇಳಬೇಕು. ಆ ಒಡಪೂ ಮುತ್ತೈದೆಯರಿಗೆ ಮಾತ್ರ. ಅವರು ಹೋದ ದಿನವೇ ಆ ದಾರಿಯೂ ಮುಚ್ಚಿತು. ಬರೆಯಲು ಕೂತಾಗಲೆಲ್ಲ ಲಲಿತಾಳ ಪೆನ್ನು ಆ ಮುಚ್ಚಿದ ಬಾಗಿಲ ಮುಂದೆ ನಿಂತುಬಿಡುತ್ತಿತ್ತು. ನಿಂತು ನಿಂತು ಕೊನೆಗೆ ಇನ್ನೊಂದು ಅನುಮಾನ ಹೊಕ್ಕಿತು. ತಾನು ನಿಜಕ್ಕೂ ಕಥೆಗಾರ್ತಿಯೇ, ಅಥವಾ ಅವರು ಕೇಳುತ್ತಿದ್ದರೆಂದು ಏನೋ ಗೀಚುತ್ತಿದ್ದವಳೇ?

ಹೊರಗೆ ಪಡಸಾಲೆಯಲ್ಲಿ ಆರತಿ ಮುಗಿದು ಒಡಪಿನ ಸರದಿ ಬಂತು. ಮುತ್ತೈದೆಯರು ಮಹೇಶ್ವರಿಯ ಸುತ್ತ ಕೂತಿದ್ದರು. ವಿರೂಪಾಕ್ಷಮ್ಮನೂ ಗಂಡನಿಲ್ಲದವಳೇ, ಅತ್ತೆಯಾದರೂ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಲಲಿತಾ ಆಕೆಯ ಪಕ್ಕದಲ್ಲಿ ಕಂಬಕ್ಕೆ ಒರಗಿದಳು. ಮೊದಲು ಬಸುರಿಯೇ ಹೇಳಬೇಕು. ಮಹೇಶ್ವರಿ ಸೆರಗು ಸರಿಮಾಡಿಕೊಂಡು ಹೇಳಿದಳು:

"ಮರಳಿ ಗದ್ದಿಗೆ ಕಾಲುವಿ ನೀರ ಹರದ ಬಂತ, ಪ್ರಭುರಾಜ ಅವರ ಹೆಸರ ಹೇಳೂಮುಂದ ನಾಚಿಕಿ ಮೊದಲ ಬಂತ."

ಎಲ್ಲರೂ ನಕ್ಕರು. ಅದು ಮಹೇಶ್ವರಿಯ ಮದುವೆಯಲ್ಲಿ ಲಲಿತಾ ಕಟ್ಟಿಕೊಟ್ಟದ್ದು. ಆಮೇಲೆ ಪಕ್ಕದ ಮನೆಯ ಶಾಂತಕ್ಕನ ಸರದಿ. ಶಾಂತಕ್ಕನಿಗೆ ಒಡಪು ಹೇಳುವುದೆಂದರೆ ಗಂಡನ ಮೇಲೆ ಬಹಿರಂಗವಾಗಿ ಸೇಡು ತೀರಿಸಿಕೊಳ್ಳುವ ಅವಕಾಶ.

"ಹಿತ್ತಲದಾಗ ಹಬ್ಬೈತಿ ಹೀರಿಕಾಯಿ ಬಳ್ಳಿ, ಗಾದಿಲಿಂಗಪ್ಪ ಸಿಟ್ಟಿಗೆದ್ರ ಬೇಲ್ಯಾಗಿನ ಕಳ್ಳಿ."

ಅದನ್ನು ಕಟ್ಟಿದವಳೂ ಲಲಿತಾಳೇ, ಎಷ್ಟೋ ವರ್ಷದ ಹಿಂದೆ. ಶಾಂತಕ್ಕ ತಿರುಗಿ ಆಕೆಯ ಕಡೆ ನೋಡಿ ನಕ್ಕಳು, ನಕ್ಕವಳು ತಟ್ಟನೆ ತಲೆ ಬಗ್ಗಿಸಿದಳು. ಒಡಪು ಒಬ್ಬರಿಂದ ಒಬ್ಬರಿಗೆ ಹೋಗುತ್ತ ಕಂಬದ ಹತ್ತಿರ ಬಂತು. ಬಂದು, ಲಲಿತಾಳನ್ನು ಬಿಟ್ಟು ಆಚೆ ಹೋಯಿತು. ಯಾರೂ ಬೇಕೆಂದು ಮಾಡಿದ್ದಲ್ಲ, ಹಾಗೆಯೇ ನಡೆದು ಬಂದದ್ದು. ಊರಿನವರ ಗಂಡಂದಿರಿಗೆಲ್ಲ ಮಾತು ಕಟ್ಟಿಕೊಟ್ಟವಳು, ತನ್ನವರಿಗೆ ಒಂದು ಮಾತಿಲ್ಲದೆ ಕೂತಿದ್ದಳು.

"ಅತ್ಯಾರ, ನೀವು ಹೇಳಲಿಲ್ರಿ" ಎಂದಳು ಮಹೇಶ್ವರಿ, ಲಲಿತಾಳ ಕಡೆ ತಿರುಗಿ.

ಮಹೇಶ್ವರಿಯ ತವರಿನಿಂದ ಬಂದಿದ್ದ ಹಿರಿಯಳೊಬ್ಬಳು ಮೆಲ್ಲಗೆ, "ಬ್ಯಾಡ ಬಿಡವ್ವ, ಇಂಥಾ ಹೊತ್ತಿನ್ಯಾಗ" ಎಂದಳು.

"ನನಗ ಬಯಕಿ ಆಗೇತ್ರಿ" ಎಂದಳು ಮಹೇಶ್ವರಿ. ದನಿ ತಮಾಷೆಯದು, ಕಣ್ಣು ಮಾತ್ರ ತಮಾಷೆಯದಲ್ಲ. "ಹುಣಸಿಕಾಯಿ ಕೇಳಿದ್ರ ತಂದು ಕೊಡ್ತೀರಿ. ಮಾವನ ಹೆಸರು ಕೇಳಬೇಕು ಅನ್ನಸಾಕತ್ತೈತಿ. ಬಸುರಿ ಬಯಕಿಗೆ ಇಲ್ಲ ಅಂತಾರೇನ್ರಿ?"

ಆ ಹಿರಿಯಳು ಮತ್ತೆ ಏನೋ ಹೇಳಬೇಕೆಂದು ವಿರೂಪಾಕ್ಷಮ್ಮನ ಕಡೆ ನೋಡಿದಳು. ವಿರೂಪಾಕ್ಷಮ್ಮ ಎಲೆ ಅಡಿಕೆ ಮಡಚುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ.

"ನನ್ನ ತಮ್ಮನ ಹೆಸರಿಗೆ ಯಾವ ಹೊತ್ತೂ ಕೆಟ್ಟಿಲ್ಲ. ಹೇಳು ಲಲಿತಾ."

ಲಲಿತಾ ಬಾಯಿ ತೆರೆದಳು. ಹಂಪಿ, ಸಂಪಿಗಿ, ತಂಪು ಎಂದು ಪ್ರಾಸಗಳೇನೋ ಸಾಲಾಗಿ ಬಂದು ನಿಂತವು. ಆದರೆ ಯಾವುದನ್ನು ಹಿಡಿದರೂ ಅದು ಗಂಡ ಮನೆಯಲ್ಲಿರುವವಳ ಒಡಪು. ಸಂಪಿಗೆ ಮುಡಿಸುವವರಿಲ್ಲ, ಹಂಪಿಗೆ ಕರೆದೊಯ್ಯುವವರಿಲ್ಲ. ಎಲ್ಲರೂ ಕಾಯುತ್ತಿದ್ದರು. ಬರೆಯಲು ಕೂತಾಗ ಆಗುತ್ತಿದ್ದುದೇ ಈಗ ಇಷ್ಟು ಜನರ ಮುಂದೆ ಆಗುತ್ತಿತ್ತು. ಎದ್ದು ಒಳಗೆ ಹೋಗಿಬಿಡಲೇ ಎನ್ನಿಸಿತು.

"ಪಂಪಾಪತಿ" ಎಂದಳು.

ಹಿಂದೆ ಪ್ರಾಸವಿಲ್ಲ, ಮುಂದೆ ಪ್ರಾಸವಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಹೀಗೆ ಬರಿದೇ ಆ ಹೆಸರು ಆಕೆಯ ಬಾಯಿಂದ ಬಂದದ್ದೇ ಇಲ್ಲ. ಬಂದ ಮೇಲೆ ಅಲ್ಲಿಗೇ ನಿಲ್ಲಿಸಲೂ ಆಗಲಿಲ್ಲ. "ಪಂಪಾಪತಿ ಅವರು… ನಾ ಕಥಿ ಓದಿದ್ರ ಮಲಗಿಬಿಡ್ತಿದ್ರು."

ಯಾರೋ ಕಿಸಕ್ಕೆಂದರು.

"ಒಂದ ದಿನ ಮಾತ್ರ ಮಲಗಲಿಲ್ಲ. ಕಥ್ಯಾಗ ಒಬ್ಬಾಕಿ ಮುದುಕಿ ಇದ್ಲು. ಮಗಳ ಮನಿಗೆ ಅಂತ ಮುಂಜಾನಿಂದ ನಡಕೋತ ಹೊಂಟಾಳ. ಓದಿ ಮುಗಿಸಿದೆ. ಪಂಪಾಪತಿ ಅವರು ಎದ್ದು ಕುಂತ್ರು. 'ಆ ಮುದುಕಿಗೆ ಉಣ್ಣಾಕ ಏನ ಕೊಟ್ಟಿ?' ಅಂದ್ರು."

"ಮುಂದ?" ಎಂದಳು ಶಾಂತಕ್ಕ.

"ಏನೂ ಕೊಟ್ಟಿಲ್ರಿ, ಅದು ಕಥಿ ಅಂದೆ. 'ಕಥಿ ಆದ್ರೇನು, ಸಂಜಿತನಕ ಉಪಾಸ ನಡಸೀಯಲ್ಲ' ಅಂತ ಸಿಟ್ಟು ಮಾಡಿದ್ರು. ಚಹಾನೂ ಕುಡೀಲಿಲ್ಲ. ಕಡೀಕ ಹಾದ್ಯಾಗ ಒಂದ ಮನಿ ಮಾಡಿ, ಆ ಮನ್ಯಾಕಿ ಕೈಲೆ ರೊಟ್ಟಿ, ಪುಂಡಿಪಲ್ಲೆ ಕೊಡಿಸಿದೆ. ಮತ್ತ ಓದಿಸಿಕೊಂಡ್ರು. ಮುದುಕಿ ಉಂಡ ಮ್ಯಾಲ ಮಲಕ್ಕೊಂಡ್ರು."

ಪಡಸಾಲೆ ಗೊಳ್ಳೆಂದು ನಕ್ಕಿತು. ಬೇಡವೆಂದಿದ್ದ ಹಿರಿಯಳೂ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಹೇಶ್ವರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತ, "ಮತ್ತೊಂದು ಹೇಳ್ರಿ ಅತ್ಯಾರ" ಎಂದಳು. ಲಲಿತಾ ಹೇಳಿದಳು. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು, ಮಾತು ಮಾತ್ರ ನಿಲ್ಲಲಿಲ್ಲ. ಎಲ್ಲಿ ತಡೆಯಬೇಕು, ಯಾವ ಮಾತನ್ನು ಹಿಂದಕ್ಕಿಟ್ಟುಕೊಳ್ಳಬೇಕು ಎಂಬುದು ಆಕೆಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಆಕೆಗೇ ಆಶ್ಚರ್ಯವಾಯಿತು.

ಊಟವಾದ ಮೇಲೆ ಹೋಳಿಗೆಯ ಭಾರಕ್ಕೆ ಹೆಂಗಸರೆಲ್ಲ ಪಡಸಾಲೆಯಲ್ಲೇ ಉರುಳಿದರು. ಲಲಿತಾ ಚೀಲದಿಂದ ಮೊಬೈಲು ತೆಗೆದು, ಕಳಿಸದೆ ಉಳಿದಿದ್ದ ಸಾಲನ್ನು ಅಳಿಸಿದಳು. ಪ್ರಭುರಾಜನನ್ನು ಕೇಳಿ ನಾಲ್ಕು ಬಿಳಿ ಹಾಳೆ, ಒಂದು ಪೆನ್ನು ಇಸಿದುಕೊಂಡು ಹಿತ್ತಲ ಕಟ್ಟೆಗೆ ಹೋದಳು. ಆಚೆ ಗದ್ದೆಗಳಲ್ಲಿ ನೀರು ನಿಂತಿತ್ತು. ಈ ನೀರನ್ನೂ ಒಂದು ಕಾಲಕ್ಕೆ ಅವರೇ ಬಿಡುತ್ತಿದ್ದದ್ದು ಎಂದುಕೊಂಡಳು. ಅವರೇ ಅಲ್ಲ, ಪಂಪಾಪತಿ ಎಂದು ತಿದ್ದಿಕೊಂಡು, ಆ ಹೆಸರಿನಿಂದಲೇ ಮೊದಲ ಸಾಲು ಶುರುಮಾಡಿದಳು. ಅಕ್ಷರ ಸೊಟ್ಟಗಾಯಿತು. ಎರಡನೆಯ ಸಾಲಿಗೆ ಸರಿಹೋಯಿತು.

ಒಂದು ಪುಟ ತುಂಬುವ ಹೊತ್ತಿಗೆ ವಿರೂಪಾಕ್ಷಮ್ಮ ಬಂದು ಪಕ್ಕದಲ್ಲಿ ಕೂತಳು.

"ಬರದಿ?"

"ಹೂಂ ರಿ ಅಕ್ಕಾರ. ಛಲೋ ಆಗೇತೋ ಇಲ್ಲೋ ಗೊತ್ತಿಲ್ಲ. ಆ ರೊಟ್ಟಿ ಮಾತೂ ಅವರದ ಅಲ್ಲೇನ್ರಿ. ಓದಿದವರೆಲ್ಲ ಅದನ್ನ ಹೊಗಳಿದ್ರು. ನಂದೇನೈತಿ ಅನ್ನಸತೈತಿ."

"ರೊಟ್ಟಿ ಕೊಟ್ಟಾಂವ ಅವನ, ಖರೇ" ಎಂದಳು ವಿರೂಪಾಕ್ಷಮ್ಮ. "ಆ ಮುದುಕೀನ ಹಾದಿ ಹಿಡಿಸಿದಾಕಿ ಯಾರು? ಹೊರಡದಾಕಿಗೆ ಹಸಿವು ಎಲ್ಲೀದು?"

ವಿರೂಪಾಕ್ಷಮ್ಮ ಹಾಳೆಯ ಮೇಲೆ ಬಗ್ಗಿದಳು. ಆಕೆಗೆ ಓದು ಬರಹ ಬರುವುದಿಲ್ಲ.

"ಅವನ ಹೆಸರು ಯಾವುದು ಇದರಾಗ?"

ಲಲಿತಾ ತೋರಿಸಿದಳು. ವಿರೂಪಾಕ್ಷಮ್ಮ ಎಣ್ಣೆಗೈಯನ್ನು ಸೀರೆಗೆ ಚೆನ್ನಾಗಿ ಒರೆಸಿಕೊಂಡು, ಆ ಅಕ್ಷರಗಳ ಮೇಲೆ ಬೆರಳಿಟ್ಟಳು. ಸಣ್ಣವನಿದ್ದಾಗ ತಮ್ಮನನ್ನು ಟೊಂಕದ ಮೇಲೆ ಹೊತ್ತು ತಿರುಗಿದವಳು ಆಕೆ.

"ಇಷ್ಟ ಸಣ್ಣ ಜಾಗದಾಗ ಹಿಡದಾನಲ್ಲ" ಎಂದಳು. "ಮತ್ತೆಲ್ಲೆಲ್ಲಿ ಅದಾನ?"

"ಇಲ್ಲಿ. ಇಲ್ಲೊಂದು ಕಡೆ. ಇಲ್ಲಿ ಚಹಾ ಕುಡೀತಾರ, ನೋಡ್ರಿ."

ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಪುಟದ ಕೊನೆ ಮುಟ್ಟಿದಾಗ ವಿರೂಪಾಕ್ಷಮ್ಮ ತಾನೇ ಎರಡನೆಯ ಹಾಳೆಯನ್ನು ಎಳೆದುಕೊಂಡು, ಅದರ ಮೇಲೆ ಬೆರಳಿಟ್ಟು ಕೇಳಿದಳು.

"ಇಲ್ಲೆ?"

ಅದಿನ್ನೂ ಖಾಲಿ ಹಾಳೆ.

"ಬರ್ತಾರ್ರಿ ಅಕ್ಕಾರ" ಎಂದಳು ಲಲಿತಾ. "ತಡೀರಿ."

ವಿರೂಪಾಕ್ಷಮ್ಮ ಬೆರಳು ತೆಗೆಯಲಿಲ್ಲ. ಲಲಿತಾ ಬಗ್ಗಿ, ಆ ಬೆರಳ ಪಕ್ಕದಿಂದಲೇ ಬರೆಯತೊಡಗಿದಳು.