ಕೊಡೆಯ ಕಡ್ಡಿ

ಕೊನೆಯ ತಂಬಿಗೆ ನೀರು ಸುರಿದು ಮಕ್ತುಮಬಿ ಹಿಂದೆ ಸರಿದಳು. ಹೆಣದ ಮೈ ತೊಳೆಯುತ್ತಿದ್ದ ಹಿರಿಯಳು ಹಜರತಬಿ, ಲಾಡಬಿಯ ನರೆಗೂದಲಲ್ಲಿ ಸಿಕ್ಕಿಕೊಂಡಿದ್ದ ಅರಳೆಯ ಎಳೆಗಳನ್ನು ಬಿಡಿಸುತ್ತಿದ್ದಳು. ಎಷ್ಟು ತೊಳೆದರೂ ಅವು ಹೋಗುತ್ತಿರಲಿಲ್ಲ. ಇಳಕಲ್ಲಿನ ನೇಕಾರರ ಮನೆಗಳಿಂದ ತುಂಡುಬಟ್ಟೆ ತಂದು, ಅರಳೆ ತುಂಬಿ, ಗೊಂಬೆ ಹೊಲಿದು ಬದುಕಿದವಳು ಲಾಡಬಿ.

“ಮಕ್ತುಮಾ, ಒಂದೀಟ ಹತ್ತಿ ತಾರವ್ವ. ಮೈಗೆ ಕರ್ಪೂರ ಹಚ್ಚಬೇಕು.”

ಸತ್ತವಳು ಮಕ್ತುಮಬಿಯ ಒಡಹುಟ್ಟಿದ ಅಕ್ಕ. ಆದರೂ ಆ ಮನೆಯಲ್ಲಿ ಹತ್ತಿ ಎಲ್ಲಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆ ಹೊಸ್ತಿಲು ತುಳಿದು ಎಷ್ಟೋ ವರ್ಷಗಳಾಗಿದ್ದವು. ನೆರೆಮನೆಯ ಇಂದ್ರವ್ವ ಅಂಗಳದಿಂದಲೇ ಮೂಲೆಯ ಬುಟ್ಟಿ ತೋರಿಸಿದಳು. ಅರಳೆಯೊಳಗೆ ಕೈ ಹಾಕಿದಾಗ ಬೆರಳಿಗೆ ಏನೋ ಚುಚ್ಚಿತು. ತೆಗೆದು ನೋಡಿದರೆ ಗೇಣುದ್ದದ ಉಕ್ಕಿನ ಸೂಜಿಗಳು, ನಾಲ್ಕು.

ಆ ನಾಲ್ಕರಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಒಂದು.

*

ಗಂಡ ತೀರಿದ ಮೇಲೆ ಲಾಡಬಿಗೆ ಗೊಂಬೆಗಳೇ ಅನ್ನ. ಆದರೆ ಅವುಗಳ ಕತ್ತು ಆಡುವುದರೊಳಗೆ ವಾಲಿಬೀಳುತ್ತಿತ್ತು. ಸಂತೆಯಲ್ಲಿ ಕೊಂಡವರು ತಿರುಗಿ ತಂದು ಅವಳ ಮುಂದೆ ಒಗೆದು ಹೋಗುತ್ತಿದ್ದರು. ತಲೆಯಿಂದ ಹೊಟ್ಟೆಯವರೆಗೆ ದಾರ ಎಳೆದು ಬಿಗಿಯಬೇಕು; ಅಂಥ ಸೂಜಿ ಎಲ್ಲೂ ಇಲ್ಲ. ಬಟ್ಟೆ ಹೊಲಿಯುವ ಸೂಜಿ ಅರಳೆಯೊಳಗೇ ಮುಳುಗಿಹೋಗುತ್ತಿತ್ತು. ಚೀಲ ಹೊಲಿಯುವ ದಬ್ಬಣ ಮಾಡಿದ ತೂತಿನಿಂದ ಅರಳೆ ಹೊರಗೆ ಇಣುಕುತ್ತಿತ್ತು. ಚಪ್ಪಲಿ ಹೊಲಿಯುವ ಆರಿ ಬಟ್ಟೆಯನ್ನೇ ಹರಿಯಿತು. ಬಾಗಲಕೋಟೆಯ ಪೇಟೆಗೂ ಹೋಗಿ ಬರಿಗೈಯಲ್ಲಿ ಬಂದಳು.

ಒಂದು ಮಳೆಯ ದಿನ ತಂಗಿಯ ಮನೆಯಿಂದ ಕೊಡೆ ಹಿಡಿದು ಬಂದಳು. ತಂಗಿಯ ಗಂಡ ಇಮಾಮಹುಸೇನ ಸೊಲ್ಲಾಪುರದಿಂದ ತಂದ ವಿಲಾಯಿತಿ ಕೊಡೆ, ಓಣಿಗೆಲ್ಲ ಅದೊಂದೇ. ಮಡಿಸುವಾಗ ಅದರ ಕಡ್ಡಿ ಕಣ್ಣಿಗೆ ಬಿತ್ತು. ತೆಳ್ಳಗಿನ ಉಕ್ಕು, ಬಟ್ಟೆ ಕಟ್ಟಲೆಂದು ತುದಿಯಲ್ಲಿ ದಾರ ಹಿಡಿಯುವಷ್ಟು ಕಣ್ಣು. ಕೇಳಿದರೆ ಕೊಡುವುದಿಲ್ಲವೆಂದು ಗೊತ್ತಿತ್ತು. ಒಂದು ಕಡ್ಡಿ ಕಿತ್ತು, ಕಣ್ಣಿನ ಕಡೆಯ ಗೇಣುದ್ದ ಮುರಿದುಕೊಂಡು, ಇನ್ನೊಂದು ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿದಳು. ಅಂದಿನಿಂದ ಗೊಂಬೆಗಳ ಕತ್ತು ನೆಟ್ಟಗೆ ನಿಂತಿತು.

ಮರಳಿ ಬಂದ ಕೊಡೆ ಜೋತುಬಿದ್ದದ್ದು ಕಂಡು ಇಮಾಮಹುಸೇನ ಓಣಿ ಕೇಳುವ ಹಾಗೆ ಕೂಗಾಡಿದ. ಮಕ್ತುಮಬಿ ಅಕ್ಕನ ಬಾಗಿಲಿಗೆ ಹೋದಳು.

“ನನ್ನ ಗಂಡನ ಮಾನಾ ಕಳದಿ. ಇವತ್ತಿಗೆ ನನಗ ಅಕ್ಕ ಇಲ್ಲ.”

ಲಾಡಬಿ ಏನೋ ಹೇಳಹೊರಟಿದ್ದಳು. ಮಕ್ತುಮಬಿ ನಿಲ್ಲಲಿಲ್ಲ.

*

ಹತ್ತಿಯನ್ನು ಹಜರತಬಿಗೆ ಕೊಟ್ಟು, ಸೂಜಿಗಳನ್ನು ಹಿಡಿದುಕೊಂಡೇ ಅವಳು ಇಂದ್ರವ್ವನ ಬಳಿ ಬಂದಳು. ಉಳಿದವು ಎಲ್ಲಿಂದ ಬಂದವೆಂದು ಕೇಳಿದಳು.

“ನಿಮ್ಮ ಮನಿಯವರ ಕೊಟ್ಟಾರವಾ, ಅದ ಕೊಡಿ ಕಡ್ಡಿ. ಒಂದ ಸವದ್ರ ಇನ್ನೊಂದು. ತಾವ ತಿಕ್ಕಿ ಚೂಪ ಮಾಡಿ ತರತಿದ್ರು.”

ಮುರಿದ ಕೊಡೆ ಅಂದಿನಿಂದ ಅಟ್ಟದ ಮೇಲಿತ್ತು. ಅದನ್ನು ಮಕ್ತುಮಬಿ ಒಮ್ಮೆಯೂ ಇಳಿಸಿ ನೋಡಿರಲಿಲ್ಲ. ಗಂಡನ ಮಾನಕ್ಕೆಂದು ಅಕ್ಕ ಎದುರಾದಾಗಲೆಲ್ಲ ಮುಖ ತಿರುಗಿಸಿದ್ದಳು. ಮಗಳ ಮದುವೆಗೂ ಕರೆದಿರಲಿಲ್ಲ.

ಇಮಾಮಹುಸೇನ ಹೊರಗೆ ಹೆಣ ಹೊರುವ ಜನಾಜೆಯ ಹಗ್ಗ ಬಿಗಿಯುತ್ತಿದ್ದ. ಅವಳು ಅವನೆದುರು ಅಂಗೈ ತೆರೆದಳು.

“ನನಗೊಂದ ಮಾತ ಹೇಳಬಾರದಿತ್ತೇನ್ರಿ?”

ಅವನ ಕೈ ಹಗ್ಗದ ಮೇಲೆಯೇ ನಿಂತಿತು. “ಭಾಳ ಸಲ ಹೇಳಾಕ ಬಂದ್ನಿ. ಅಕಿ ಹೆಸರ ಎತ್ತಿದ್ರ ನೀ ಎದ್ದ ಹೋಗ್ತಿದ್ದಿ.”

ಹೌದು, ಎದ್ದು ಹೋಗಿದ್ದಳು; ಎಷ್ಟೋ ಸಲ, ಉಣ್ಣುವ ತಾಟನ್ನೂ ಬಿಟ್ಟು. ಅವಳು ಮತ್ತೇನೂ ಕೇಳದೆ ಒಳಗೆ ಹೋದಳು. ಹಜರತಬಿಯ ಕೈಯಿಂದ ಕಫನಿನ ಬಿಳಿಬಟ್ಟೆಯ ಅಂಚನ್ನು ತೆಗೆದುಕೊಂಡು, ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿ, ತಾನೇ ಮುಚ್ಚಿದಳು.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಗಂಡಸರು ಹೆಗಲು ಕೊಟ್ಟರು. ಹೆಂಗಸರು ಬಾಗಿಲಲ್ಲೇ ಉಳಿದರು. ಜನಾಜೆ ತಿರುವಿನಲ್ಲಿ ಮರೆಯಾದ ಮೇಲೂ ಮಕ್ತುಮಬಿ ಒಳಗೆ ಬರಲಿಲ್ಲ. ಹೆಣ ಹಾಯುವಾಗ ನಿಲ್ಲಿಸುವ ವಾಡಿಕೆಯಂತೆ ತಿರುವಿನ ಮನೆಯ ಮಗ್ಗದ ಸದ್ದು ನಿಂತಿತು. ಆಮೇಲೆ ಅದರಾಚೆಯದು, ಅದರಾಚೆಯದು. ಜನಾಜೆ ದಾಟಿಹೋದ ಮನೆಗಳಲ್ಲಿ ಲಾಳಿಯ ಸದ್ದು ಮತ್ತೆ ಏಳುತ್ತಿತ್ತು. ನಡುವೆ ಒಂದು ಮನೆಯಷ್ಟು ಮೌನ ಮಾತ್ರ ಮುಂದೆ ಮುಂದೆ ಸರಿಯುತ್ತಿತ್ತು. ಅವಳು ಗೋಡೆಗೆ ಆತು, ಕಣ್ಣು ಮುಚ್ಚಿ, ಊರಂಚಿನ ಕೊನೆಯ ಮಗ್ಗದವರೆಗೂ ಕಿವಿಯಿಂದಲೇ ಅದರ ಹಿಂದೆ ಹೋದಳು.