ಭಟ್ಟಿಯೊಳಗೆ ಹೆಣ್ಣು ಕಾಲಿಟ್ಟಿಲ್ಲ

ತೊಟ್. ಆಮೇಲೆ ಒಂದು ಉಸಿರೆಳೆದು ಬಿಡುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ತೊಟ್.

ಅಡುಗೆಮನೆಯ ಗೋಡೆಯಾಚೆ, ಭಟ್ಟಿಯ ಜೊಂಡಿನ ಕೊಳವೆಯಿಂದ ಗಡಿಗೆಗೆ ಬೀಳುತ್ತಿದ್ದ ಹನಿ. ಎಲೋದಿಯಾ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಸಂಜೆಯಿಂದ ಹನಿ ಚುರುಕಾಗಿ, ತೆಳ್ಳಗೆ ಬೀಳುತ್ತಿತ್ತು. ಈಗ ದಪ್ಪಗಾಗಿತ್ತು, ತಡೆದು ತಡೆದು ಬೀಳುತ್ತಿತ್ತು. ಕತ್ತಾಳೆಯ ಮದ್ಯವಾದ ಮೆಸ್ಕಾಲಿನ ಸಾರ ಮುಗಿದು ನೀರು ಇಳಿಯತೊಡಗಿದರೆ ಹನಿ ಹಾಗೆ ಭಾರವಾಗುತ್ತದೆ. ಇಷ್ಟು ಹೊತ್ತಿಗೆ ಅಣ್ಣ ಫಿಲೆಮೋನ್ ಹದವಾದ ನಡುರಸದ ಗಡಿಗೆ ಸರಿಸಿ, ಕೊನೆಗಿಳಿಯುವ ನೀರು ನೀರಾದ ಬಾಲರಸಕ್ಕೆ ಬೇರೆ ಗಡಿಗೆ ಇಟ್ಟಿರಬೇಕಿತ್ತು. ಗಡಿಗೆ ನೆಲಕ್ಕೆ ಉಜ್ಜಿದ ಸದ್ದೇ ಬರಲಿಲ್ಲ.

"ಅಣ್ಣಾ! ಗಡಿಗೆ!" ಗೋಡೆಗೆ ಬಾಯಿಟ್ಟು ಕೂಗಿದಳು.

ಉತ್ತರವಾಗಿ ಬಂದದ್ದು ಗೊರಕೆ.

ಶಾಲು ಹೊದ್ದು ಹೊರಬಂದು ಭಟ್ಟಿಯ ಬಾಗಿಲಲ್ಲಿ ನಿಂತಳು. ಅಲ್ಲಿಂದ ಒಳಗೆ ಈ ಮನೆಯ ಹೆಂಗಸರು ಹೆಜ್ಜೆ ಇಡುವಂತಿರಲಿಲ್ಲ. ಹೆಂಗಸು ಬಂದರೆ ರಸ ಮುನಿಸಿಕೊಳ್ಳುತ್ತದೆ, ಹುಳಿ ಕೆಡುತ್ತದೆ ಎಂದು ಮುತ್ತಜ್ಜನ ಕಾಲದಿಂದ ನಂಬಿಕೆ. ಒಲೆಯ ಬೆಳಕಿನಲ್ಲಿ ಫಿಲೆಮೋನ್ ಬಾಯಿ ತೆರೆದು ಮಲಗಿದ್ದ. ಪಕ್ಕದಲ್ಲಿ ಖಾಲಿ ಸೋರೆಬುರುಡೆಯ ಬಟ್ಟಲು. ನಾಲ್ಕು ದಿನದ ನಡುರಸವೆಲ್ಲ ಸೇರಿದ್ದ ದೊಡ್ಡ ಗಡಿಗೆಯೊಳಕ್ಕೆ ಬಾಲರಸ ಇಳಿಯುತ್ತಲೇ ಇತ್ತು.

ಹದಿಮೂರು ವರ್ಷದ ದುಡಿಮೆ ಅದು. ಆ ರಸ ಕೊಟ್ಟ ಕಾಡು ಕತ್ತಾಳೆಯ ಸಸಿಗಳನ್ನು ಬಂಡೆ ಸಂದುಗಳಿಂದ ಕಿತ್ತು, ಶಾಲಿನಲ್ಲಿ ಕಟ್ಟಿಕೊಂಡು ಬಂದವಳು ಅವಳು. ಅಪ್ಪ ಅವಳ ಹೆಸರಿಗೇ ಬಿಟ್ಟುಹೋದ ಇಳಿಜಾರಿನಲ್ಲಿ ನೆಟ್ಟವಳು, ಕಳೆ ಕಿತ್ತವಳು, ಆಡು ಅಟ್ಟಿದವಳು ಎಲ್ಲ ಅವಳೇ. ಅಷ್ಟೂ ವರ್ಷದ ಕಾಯುವಿಕೆಯನ್ನು ಒಬ್ಬ ಗಂಡಸು ಒಂದು ನಿದ್ದೆಯಲ್ಲಿ ನೀರು ಮಾಡುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯಿತು. ಭಯವೂ ಇತ್ತು, ಆದರೆ ಕೋಪ ಅದನ್ನು ತಳ್ಳಿಕೊಂಡು ಮುಂದೆ ಬಂತು.

ಒಳಗೆ ನಡೆದಳು. ಅಣ್ಣನ ಕಾಲಿಗೆ ಒದ್ದಳು. ಅವನು ಮಗ್ಗುಲು ಬದಲಿಸಿದ, ಅಷ್ಟೇ.

ಗಡಿಗೆ ಸರಿಸಿ, ಒಲೆಯ ಕೊಳ್ಳಿ ಎಳೆದು, ನಡುರಸವನ್ನು ಇನ್ನೊಂದು ಸಣ್ಣ ಜೊಂಡಿನ ಕೊಳವೆಯಲ್ಲಿ ಹೀರಿ ಬುರುಡೆ ಬಟ್ಟಲಿಗೆ ಎತ್ತರದಿಂದ ಬಿಟ್ಟಳು. ಎದ್ದ ಗುಳ್ಳೆಗಳು ಚಿಲ್ಲರೆ ಚಿಲ್ಲರೆಯಾಗಿ ಚದುರಿ ತಕ್ಷಣ ಸತ್ತವು. ನೀರು ಹೆಚ್ಚಾಗಿ ಹದ ಬಿದ್ದುಹೋಗಿತ್ತು.

ಗುಳ್ಳೆ ನೋಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಹೊಗೆಯಿಂದ ಅಪ್ಪನ ಕಣ್ಣು ಹೋದ ಮೇಲೆ ಫಿಲೆಮೋನ್ ಬಟ್ಟಲನ್ನು ಅಡುಗೆಮನೆಗೆ ತಂದು ಕೊಡುತ್ತಿದ್ದ. ಅಪ್ಪ ಮೂಸುವವನು, ಅವಳು ನೋಡಿ ಹೇಳುವವಳು. ಎಷ್ಟು ದಪ್ಪ? ಜೋಳದ ಕಾಳಷ್ಟಾ, ಸಾಸಿವೆಯಷ್ಟಾ? ಅಂಚಿಗೆ ಅಂಟುತ್ತಾ? ಎಷ್ಟು ಹೊತ್ತು ನಿಲ್ಲುತ್ತೆ? ಅವಳು ಹೇಳಿದ್ದರ ಮೇಲೆ ಅಪ್ಪ ಹದ ಕಟ್ಟುತ್ತಿದ್ದ. ಆರು ವರ್ಷ ಹಾಗೇ ನಡೆಯಿತು. ಊರಿಗೆ ಗೊತ್ತಿದ್ದದ್ದು ಮುದುಕನ ಮೂಗು ಮಾತ್ರ.

ಮೊಟ್ಟಮೊದಲು ಇಳಿದಾಗ ಬೇರೆ ತೆಗೆದಿಟ್ಟಿದ್ದ ಖಾರವಾದ ತಲೆರಸವನ್ನು ಚಿಪ್ಪಿನಲ್ಲಿ ಅಳೆದು ಸುರಿದಳು, ಕಲಕಿದಳು, ಹೀರಿದಳು, ಬಿಟ್ಟಳು, ನೋಡಿದಳು. ಹನ್ನೊಂದನೆಯ ಚಿಪ್ಪಿಗೆ ಗುಳ್ಳೆಗಳು ದುಂಡಗೆ ಎದ್ದು ಅಂಚಿನ ಸುತ್ತ ಮಣಿಸರದ ಹಾಗೆ ಕೂತವು. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಒದ್ದೆ ಕಲ್ಲು, ಸುಟ್ಟ ಕತ್ತಾಳೆ ಗೆಡ್ಡೆ, ಕೊನೆಗೆ ಬಾಲರಸದ ಸಣ್ಣ ಹುಳಿ. ಅದೂ ಅಲ್ಲಿ ಬೇಕಿತ್ತು ಎನ್ನುವ ಹಾಗಿತ್ತು. ಅಪ್ಪನ ಕಾಲದಲ್ಲೂ ಇಂಥದ್ದು ಬಂದಿರಲಿಲ್ಲ.

ಬೆಳಗ್ಗೆ ರಾಜಧಾನಿಯಿಂದ ಉರ್ಕಿಸಾ ಬಂದ. ಅಪರೂಪದ ಮೆಸ್ಕಾಲನ್ನು ಹಳ್ಳಿ ಹಳ್ಳಿ ಸುತ್ತಿ ಹುಡುಕಿ, ದೂರದ ದೇಶಗಳಿಗೆ ಕಳಿಸುವವನು. ಭಟ್ಟಿಯ ಮುಂದಿನ ನೆರಳಲ್ಲಿ ಕೂತು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ತುಂಬ ಹೊತ್ತು ತೆರೆಯಲಿಲ್ಲ.

"ಮೇಸ್ತ್ರಿಗಳೇ, ಏನ್ರೀ ಇದು?"

"ನಿನ್ನೆ ರಾತ್ರಿಯೆಲ್ಲಾ ಕಣ್ಣು ಮಿಟುಕಿಸಿಲ್ಲ ಸಾಹೇಬ್ರೆ," ಎಂದ ಫಿಲೆಮೋನ್.

ಬಿಸಿ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಎಲೋದಿಯಾ, "ಪಾಪ, ಕಣ್ಣು ನೋಡಿ ಹೆಂಗೆ ಊದಿದೆ," ಎಂದಳು. ಉರ್ಕಿಸಾ ನಕ್ಕ. ಫಿಲೆಮೋನ್ ನಗಲಿಲ್ಲ.

"ಈ ಹುಳಿ ಹೇಗೆ ತಂದ್ರಿ? ಬಾಲರಸ ಸೇರಿಸಿದ್ರಾ?"

"ಅದು... ಕೈಗುಣ ಸಾಹೇಬ್ರೆ. ನಮ್ಮ ಅಪ್ಪಂದು."

ಉರ್ಕಿಸಾ ಪುಸ್ತಕ ತೆಗೆದ. "ಹೆಂಗಸ್ರು ಒಳಗೆ ಬರೋ ಹಾಗಿಲ್ಲ ಅಂತಾರಲ್ಲ, ನಿಜವಾ?"

"ನಾಲ್ಕು ತಲೆಮಾರಿಂದ ಒಂದು ಹೆಣ್ಣಿನ ಹೆಜ್ಜೆ ಬಿದ್ದಿಲ್ಲ."

"ಚೆನ್ನಾಗಿದೆ. ಬಾಟ್ಲಿ ಮೇಲೆ ನಿಮ್ಮ ಹೆಸರಿನ ಕೆಳಗೆ ಇದನ್ನೇ ಹಾಕೋಣ. ಜನ ಇಂಥದ್ದಕ್ಕೆ ಬೀಳ್ತಾರೆ." ಆಮೇಲೆ ಅವಳತ್ತ ತಿರುಗಿ, "ಅಮ್ಮಾ, ರೊಟ್ಟಿ ಬಲು ಮೆತ್ತಗಿದೆ," ಎಂದ.

ಅವಳ ಗಿಡ, ಅವಳ ಹದ, ಅದರ ಮೇಲೆ ಅವಳು ಅಲ್ಲಿರಲೇ ಇಲ್ಲ ಎಂಬ ಹೆಮ್ಮೆಯ ಸಾಲು.

"ಉಳಿದರ್ಧ ಕತ್ತಾಳೆ ತೊಟ್ಟಿಯಲ್ಲಿ ಹುಳಿ ಬರ್ತಾ ಇದೆಯಲ್ಲ? ಅದನ್ನೂ ನನಗೇ ಕೊಡಿ," ಎಂದ ಉರ್ಕಿಸಾ. "ಎಂಟು ದಿನಕ್ಕೆ ಕ್ಯಾಮೆರಾದವರ ಜೊತೆ ಬರ್ತೀನಿ. ನನ್ನ ಕಣ್ಣ ಮುಂದೇನೇ ಹದ ಕಟ್ಟಿ. ಇದೇ ರುಚಿ ಇರ್ಬೇಕು, ಆಯ್ತಾ?"

ಅವನು ಕೈ ತೊಳೆಯಲು ಎದ್ದದ್ದೇ ಫಿಲೆಮೋನ್ ಅಡುಗೆಮನೆಗೆ ನುಗ್ಗಿದ.

"ತಲೆರಸ ಕಮ್ಮಿಯಾಗಿದೆ. ಗಡಿಗೆ ನಾನಿಟ್ಟ ಜಾಗದಲ್ಲಿಲ್ಲ. ಎಲೋದಿಯಾ, ನೀನೇನಾದ್ರೂ..."

"ನಾನೇ ಅಂತಿಟ್ಕೋ. ಬಾಟ್ಲಿ ಮೇಲೆ ನನ್ನ ಹೆಸರು ಹಾಕಿಸ್ತೀಯಾ? ಅವರಿನ್ನೂ ಇಲ್ಲೇ ಇದಾರೆ. ಈಗಲೇ ಹೇಳು, ನಡಿ."

"ತಲೆ ಕೆಟ್ಟಿದೆಯಾ ನಿಂಗೆ? ಮೆಲ್ಲಗೆ ಮಾತಾಡು! ಅವನಿಗೆ ಗೊತ್ತಾದ್ರೆ ಅಷ್ಟೂ ವಾಪಸ್. ಊರೋರು ನಮ್ಮ ತೊಟ್ಟಿ ಮೈಲಿಗೆ ಅಂತ ಮೂಸಿ ಕೂಡ ನೋಡಲ್ಲ."

"ನಿಮ್ಮ ಸಾಹೇಬ ಕುಡಿದು ಕಣ್ಣು ಮುಚ್ಚಿದ್ನಲ್ಲ, ಆಗ ಮೈಲಿಗೆ ರುಚಿ ಬರ್ಲಿಲ್ವಾ?"

ಅವನು ಹತ್ತಿರ ಬಂದು ದನಿ ಇಳಿಸಿದ. ಮುಖ ಬಿಳುಚಿತ್ತು. "ನೋಡು ತಂಗಿ, ನೀನು ಒಳಗೆ ಬಂದೇ ಇಲ್ಲ. ಅಷ್ಟೇ. ಎಷ್ಟು ಚಿಪ್ಪು ತಲೆರಸ ಹಾಕಿದೆ, ಅದೊಂದು ಹೇಳ್ಬಿಡು."

ಎಲೋದಿಯಾ ಅವನನ್ನೇ ನೋಡಿದಳು. ಕೇಳಲು ಅವನಿಗೆ ಒಂದಿಷ್ಟೂ ನಾಚಿಕೆಯಾಗಿರಲಿಲ್ಲ. ತೊಟ್ಟಿಯಲ್ಲಿ ಹುಳಿ ಬರುತ್ತಿದ್ದದ್ದು ಅವಳವೇ ಉಳಿದರ್ಧ ಗಿಡಗಳು. ಹೇಳದಿದ್ದರೆ ಇವನ ಕೈಯಲ್ಲಿ ಅವು ಹಾಳಾಗುತ್ತವೆ. ಅದು ಅವಳಿಗೆ ಇವನಿಗಿಂತ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

"ಒಳಗೆ ಬರದೇ ಇರೋಳಿಗೆ ಅದೆಲ್ಲ ಹೆಂಗೆ ಗೊತ್ತಿರುತ್ತಣ್ಣಾ?" ಎಂದಳು.

"ಎಲೋದಿಯಾ, ಆಟ ಆಡ್ಬೇಡ."

"ಯಾರಿಗೆ ಗೊತ್ತು? ರಾತ್ರಿಯೆಲ್ಲ ಕಣ್ಣು ಮಿಟುಕಿಸದೇ ಇದ್ದೋನು ನೀನು."

ಹೊರಗಿನಿಂದ ಉರ್ಕಿಸಾ, "ಮೇಸ್ತ್ರಿಗಳೇ!" ಎಂದು ಕರೆದ. ಫಿಲೆಮೋನ್ ಹಲ್ಲು ಕಡಿದು, ಮುಖಕ್ಕೆ ನಗು ಹಚ್ಚಿಕೊಂಡು ಹೋದ. ಅವಳು ಹೆಂಚಿನ ಮುಂದೆ ಕೂತು ಹಿಟ್ಟಿನುಂಡೆಯನ್ನು ಅಂಗೈಗಳ ನಡುವೆ ಜೋರಾಗಿ ತಟ್ಟಿದಳು. ಇವನಿಗಿಲ್ಲ, ಆ ಸಾಹೇಬನಿಗಿಲ್ಲ, ಕೇಳಿದರೆ ಪಾದ್ರಿಗೂ ಇಲ್ಲ. ರಾತ್ರಿ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದಳು.