ಮಂಚದ ಕೆಳಗಿನ ಬ್ಯಾಗು

ತಬ್ಬಲಿ ಮೊಮ್ಮಗಳನ್ನು ಅಜ್ಜಿಯ ಸುಪರ್ದಿಯಲ್ಲೇ ಉಳಿಸಬಹುದೇ ಎಂದು ನೋಡಿಹೋಗಲು ಬರುತ್ತಿದ್ದ ಸಮಾಜ ಕಾರ್ಯಕರ್ತೆಯ ಮೇಲೆ ಅಜ್ಜಿ ಮೇಲಧಿಕಾರಿಯ ಮುಂದೆ ಕೆಂಡಕಾರಿದಳು.

“ಬಂದಾಗೆಲ್ಲ ಮಂಚದ ಕೆಳಗೆ ಬಗ್ಗಿ ನೋಡ್ತಾಳೆ ಸ್ವಾಮಿ! ನಾನೇನು ಕದ್ದ ಮಾಲು ಬಚ್ಚಿಟ್ಟಿದೀನಾ?”

ಕರೆಸಿ ಕೇಳಿದರೆ ಕಾರ್ಯಕರ್ತೆ ತಣ್ಣಗೆ ಹೇಳಿದಳು: “ಮಗು ಬ್ಯಾಗ್ ಬಿಚ್ಚಿದಾಳಾ ಅಂತ ನೋಡ್ತೀನಿ ಅಜ್ಜಿ. ಇಲ್ಲಿಂದಲೂ ಕಳಿಸಿಬಿಡ್ತಾರೆ ಅನ್ನೋ ಭಯ ಇರೋ ಮಕ್ಕಳು ಬಟ್ಟೆ ಹೊರಗೆ ತೆಗೆಯಲ್ಲ.”

ಮನೆಗೆ ಬಂದ ಅಜ್ಜಿ ತಾನೇ ಬಗ್ಗಿದಳು. ತುಂಬಿದ ಬ್ಯಾಗು, ಪಕ್ಕದಲ್ಲೇ ಶೂ. ದಿನಾ ಗುಡಿಸುವಾಗ ಸರಿಸಿ ಸರಿಸಿ ಇಡುತ್ತಿದ್ದ ತನಗೆ ಕಾಣದ್ದು ಆ ಕಾರ್ಯಕರ್ತೆಗೆ ಕಂಡಿತ್ತು, ಕಣ್ಣೆಂದರೆ ಅದಪ್ಪಾ! ಅಜ್ಜಿ ಬ್ಯಾಗು ಮುಟ್ಟಲಿಲ್ಲ. ತನ್ನ ಬಟ್ಟೆಗಳನ್ನು ಹೊರತೆಗೆದು ಕಪಾಟಿನಲ್ಲಿ ಜಾಗ ಮಾಡಿ ಸುಮ್ಮನಾದಳು.

ಮುಂದಿನ ಸಲ ಕಾರ್ಯಕರ್ತೆ ಬಗ್ಗುವಷ್ಟರಲ್ಲಿ ಅಜ್ಜಿ ರೇಗಿದಳು: “ಸೊಂಟ ಯಾಕೆ ಮುರ್ಕೋತೀಯೇ ತಾಯಿ? ಕಪಾಟು ತೆಗೆದು ನೋಡು, ಅವಳೇ ಜೋಡಿಸಿದ್ದು.”